ಹೂಂ ಅಂದವಳು

ಜಯಲತಾ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಆ ಶನಿವಾರ ನಾನು ಕಡಲ ತೀರದಲ್ಲಿ ಒಂದು ಮದುವೆಗೆ ಅಡುಗೆ ಮಾಡಲು ಹೋದೆ. ಇಬ್ಬರು ಗಂಡಸರ ಮದುವೆ.

ಯಜ್ಞೇಶ್ವರ ಭಟ್ರು ಮೂರು ದಿನ ಮೊದಲೇ ನಮ್ಮನ್ನೆಲ್ಲ ಕೂರಿಸಿ ಹೇಳಿದ್ದರು. ಭಟ್ರು ಅಂದರೆ ನಮ್ಮ ಯಜಮಾನರು. ಡೊಂಬಿವಲಿಯಲ್ಲಿ ಅವರ ಕೇಟರಿಂಗ್ ಉಂಟು. ಉಡುಪಿ ಕಡೆಯವರ ಮದುವೆ, ಮುಂಜಿ, ಸೀಮಂತ, ಉತ್ತರಕ್ರಿಯೆ ಎಲ್ಲದಕ್ಕೂ ಅವರದ್ದೇ ಅಡುಗೆ. ಠಾಣೆಯಿಂದ ನೆರೂಳದವರೆಗೆ ಅವರ ಸಾರು ಹೆಸರುವಾಸಿ. ಆ ಸಾರು ಮಾಡುವುದು ನಾನು.

“ಹುಡುಗರಿಬ್ಬರೂ ಒಳ್ಳೆಯ ಮನೆಯವರು,” ಅಂದರು ಭಟ್ರು. “ಒಬ್ಬ ನಮ್ಮ ಕಡೆಯವನೇ. ಅಪ್ಪ ಅಮ್ಮ ನೆರೂಳದಲ್ಲಿದ್ದಾರೆ. ಊಟ ಊರಿನದ್ದೇ ಬೇಕಂತೆ. ಅಲ್ಲಿ ಹೋಗಿ ಯಾರೂ ಹಲ್ಲು ಕಿಸಿಯುವುದು, ಮೊಣಕೈಯಲ್ಲಿ ತಿವಿಯುವುದು ಮಾಡಬಾರದು. ಕಾಲ ಬದಲಾಗಿದೆ. ನಾವೂ ಬದಲಾಗಬೇಕು.”

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಭಟ್ರು ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಮರೆತಿದ್ದರೋ, ಮರೆತ ಹಾಗೆ ಮಾಡಿದರೋ ಗೊತ್ತಿಲ್ಲ. ನಾನು ಮರೆತಿರಲಿಲ್ಲ.

ಜಯಲತಾ ಯಾರು ಅಂತ ಹೇಳಬೇಕು.

ನನ್ನ ಊರು ಕಟಪಾಡಿ. ನನ್ನನ್ನು ಕಲ್ಯಾಣದಲ್ಲಿದ್ದ ಒಬ್ಬ ಹೋಟೆಲು ಕೆಲಸದವನಿಗೆ ಕೊಟ್ಟಿದ್ದರು. ಅವನು ನಾಲ್ಕು ವರ್ಷ ಹೊಡೆದ. ಐದನೇ ವರ್ಷ ಸೂರತ್ತಿಗೆ ಹೋದ. ಬರಲಿಲ್ಲ. ನಾನು ಕಾಯಲೂ ಇಲ್ಲ. ಭಟ್ರ ಅಡುಗೆಮನೆಗೆ ಕೆಲಸಕ್ಕೆ ಸೇರಿದೆ. ಅಲ್ಲಿ ಜಯಲತಾ ಇದ್ದಳು. ಕಾರ್ಕಳದ ಕಡೆಯವಳು. ಮದುವೆ ಮಾಡ್ತೇವೆ ಅಂತ ಮನೆಯಲ್ಲಿ ದಿನ ಗೊತ್ತು ಮಾಡಿದಾಗ ಬಸ್ಸು ಹತ್ತಿ ಬಂದವಳು. ಎತ್ತರದ ಹೆಂಗಸು. ದೊಡ್ಡ ಅಂಗೈ. ಚಪಾತಿ ಹಿಟ್ಟು ಕಲಸುವುದು ಅವಳ ಕೆಲಸ. ಮೂವತ್ತು ಕಿಲೋ ಹಿಟ್ಟನ್ನು ಒಬ್ಬಳೇ ನಾದುತ್ತಿದ್ದಳು. ನಾದುವಾಗ ಭುಜದಿಂದ ಸೊಂಟದವರೆಗೆ ಇಡೀ ಮೈ ನಾದುತ್ತಿತ್ತು. ನಕ್ಕರೆ ಬಾಣಲೆಯ ಸದ್ದು ಕೇಳುತ್ತಿರಲಿಲ್ಲ.

ಒಂದು ವರ್ಷದಲ್ಲಿ ನಾವು ಒಟ್ಟಿಗೆ ರೂಮು ಮಾಡಿದೆವು. ಎಂಐಡಿಸಿ ಕಾರ್ಖಾನೆಗಳ ಹತ್ತಿರ, ಆಜ್ದೆಯ ಒಂದು ಸಾಲುಮನೆ ಚಾಳಿನಲ್ಲಿ. ಒಂದೇ ಕೋಣೆ. ಯಾರಾದರೂ ಬಂದರೆ ಎರಡು ಚಾಪೆ. ಬಾಗಿಲು ಹಾಕಿದರೆ ಒಂದು. ಹಾಗೆ ಇಪ್ಪತ್ತೆರಡು ವರ್ಷ. ಜನರ ಎದುರಿಗೆ ಅವಳು ನನ್ನನ್ನು ರತ್ನಕ್ಕ ಅನ್ನುತ್ತಿದ್ದಳು. ಮನೆಯಲ್ಲಿ ರತ್ನು. ಒಮ್ಮೆ ಜುಹೂ ಕಡಲಿಗೆ ಹೋಗಿದ್ದೆವು. ಕೈ ಹಿಡಿದುಕೊಂಡು ಮರಳಲ್ಲಿ ಕೂತಿದ್ದೆವು. ಯಾರೂ ಏನೂ ಕೇಳಲಿಲ್ಲ. ಇಬ್ಬರು ಬಡ ಹೆಂಗಸರು, ಅಕ್ಕತಂಗಿ ಇರಬೇಕು ಅಂದುಕೊಂಡಿರಬೇಕು. ನಮಗೆ ಸಿಕ್ಕ ಸ್ವಾತಂತ್ರ್ಯ ಅಷ್ಟೇ. ಯಾರ ಕಣ್ಣಿಗೂ ಬೀಳದ ಸ್ವಾತಂತ್ರ್ಯ.

ಎಂಟು ವರ್ಷದ ಹಿಂದೆ ಒಂದು ದಿನ ಕಣ್ಣಿಗೆ ಬಿದ್ದೆವು.

ಠಾಣೆಯಲ್ಲಿ ಒಂದು ಮದುವೆ ಛತ್ರ. ಮಧ್ಯಾಹ್ನದ ಪಂಕ್ತಿ ಮುಗಿದಿತ್ತು. ಗೋಳಿಬಜೆ ಕರಿಯುವಾಗ ಎಣ್ಣೆ ಹಾರಿ ನನ್ನ ಮುಂಗೈ ಬೆಂದಿತ್ತು. ಜಯಲತಾ ನನ್ನನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ ತಣ್ಣೀರು ಹಾಕಿದಳು. ಊದಿದಳು. ನಾನು ಅತ್ತೆ. ಅವಳು ನನ್ನ ಕೈಗೆ ಮುತ್ತಿಟ್ಟಳು. ಹಣೆಗೆ ಇಟ್ಟಳು. ಆಮೇಲೆ ಬಾಯಿಗೆ. ಬಾಗಿಲಿನ ಚಿಲಕ ಬಿದ್ದಿರಲಿಲ್ಲ. ಭಟ್ರು ತಾಂಬೂಲದ ಚೀಲ ತೆಗೆಯಲು ಒಳಗೆ ಬಂದರು.

ಅವರು ಕೂಗಲಿಲ್ಲ. ಹೊರಗೆ ಹೋದರು. ಹದಿನೈದು ಕೆಲಸದವರನ್ನು ಅಡುಗೆಮನೆಯಲ್ಲಿ ನಿಲ್ಲಿಸಿದರು. ಆಮೇಲೆ ನಮ್ಮಿಬ್ಬರನ್ನು ಕರೆದರು.

ರಾತ್ರಿಯ ಊಟಕ್ಕೆ ಜಯಲತಾ ಕಲಸಿಟ್ಟ ಹಿಟ್ಟು ಒದ್ದೆ ಬಟ್ಟೆಯ ಕೆಳಗಿತ್ತು. ಭಟ್ರು ಅದನ್ನು ಕಾಲಿನಿಂದ ತೋರಿಸಿದರು.

“ಇದನ್ನು ಎತ್ತಿ ಗಟಾರಕ್ಕೆ ಹಾಕಿ. ಇಂಥ ಕೈ ಮುಟ್ಟಿದ್ದನ್ನು ನಾನು ಜನರಿಗೆ ಬಡಿಸುವುದಿಲ್ಲ.”

ಇಬ್ಬರು ಗಂಡಸರು ಹಿಟ್ಟಿದ್ದ ದೊಡ್ಡ ಪರಾತ ಎತ್ತಿಕೊಂಡು ಹೋದರು. ಮೂವತ್ತು ಕಿಲೋ. ಹಿಟ್ಟು ಗಟಾರಕ್ಕೆ ಬಿದ್ದ ಸದ್ದು ನಮಗೆ ಒಳಗೆ ಕೇಳಿಸಿತು.

ಜಯಲತಾ ಆಗ ಮುಂದೆ ಬಂದಳು. ಅವಳ ಮೊಣಕೈವರೆಗೆ ಹಿಟ್ಟು ಒಣಗಿ ಅಂಟಿತ್ತು. “ರತ್ನಕ್ಕನದ್ದು ತಪ್ಪಿಲ್ಲ,” ಅಂದಳು. “ಎಲ್ಲ ನನ್ನದೇ. ಅವಳಿಗೆ ಬೇಡವಾಗಿತ್ತು. ನಾನೇ ಮೈಮೇಲೆ ಬಿದ್ದೆ.”

ಭಟ್ರು ನನ್ನ ಕಡೆ ತಿರುಗಿದರು. “ಹೌದಾ ರತ್ನಾ?”

ನಾನು ಜಯಲತಾಳ ಮುಖ ನೋಡಿದೆ. ಅವಳು ಕಣ್ಣಲ್ಲೇ ಹೇಳಿದಳು, ಹೇಳು. ಇಬ್ಬರದ್ದೂ ಕೆಲಸ ಹೋದರೆ ರೂಮು ಹೋಗುತ್ತದೆ. ಹೇಳು.

ನಾನು ಹೂಂ ಅಂದೆ.

ಅಷ್ಟೇ. ಒಂದೇ ಹೂಂ. ಭಟ್ರು ಅವಳನ್ನು ಛತ್ರದ ಹಿಂದಿನ ಬಾಗಿಲಿನಿಂದ ಹೊರಗೆ ಹಾಕಿದರು. ಕೈ ತೊಳೆಯಲೂ ಬಿಡಲಿಲ್ಲ. ನಾನು ಬೆಂದ ಕೈಯಲ್ಲೇ ಹೊಸ ಹಿಟ್ಟು ಕಲಸಿದೆ.

ಆಮೇಲೆ ಯಾವ ಕೇಟರಿಂಗಿನವರೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಮಾತು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿರುತ್ತಿತ್ತು. ಎಂಐಡಿಸಿಯಲ್ಲಿ ಬಟ್ಟೆಗೆ ಹಾಕುವ ಬಣ್ಣದ ಪುಡಿ ಮಾಡುವ ಒಂದು ಸಣ್ಣ ಕಂಪೆನಿ. ಅಲ್ಲಿ ಪುಡಿಯನ್ನು ಚೀಲಕ್ಕೆ ತುಂಬುವ ಕೆಲಸಕ್ಕೆ ಹೋದಳು. ಮೂಗಿಗೆ ಅವಳದ್ದೇ ಹಳೆ ಸೀರೆಯ ತುಂಡು. ಐದು ವರ್ಷ. ಮನೆಗೆ ಬಂದು ಎಷ್ಟು ತಿಕ್ಕಿದರೂ ಉಗುರಿನ ಬುಡ ನೀಲಿ. ಉಗುಳಿದರೆ ನೀಲಿ. ಆಮೇಲೆ ಉಗುಳಿನಲ್ಲಿ ಕೆಂಪು ಬಂತು.

“ಬಣ್ಣ ಬದಲಾಯಿತು ಮಾರಾಯ್ತಿ,” ಅಂತ ನಗುತ್ತಿದ್ದಳು. ನಗಲು ಹೋಗಿ ಕೆಮ್ಮುತ್ತಿದ್ದಳು.

ನಾನು ಈ ಎಂಟು ವರ್ಷವೂ ಭಟ್ರ ಅಡುಗೆಮನೆಯಲ್ಲೇ ಇದ್ದೆ. ಅವರ ಉಪ್ಪಿನಲ್ಲೇ ಕೈ ಅದ್ದಿದೆ. ಮನೆಗೆ ಬಂದು ಅವಳ ಬೆನ್ನು ತಿಕ್ಕಿದೆ. ಅವಳು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಲ್ಯಾಣದ ಆಸ್ಪತ್ರೆಯಲ್ಲಿ ಅವಳನ್ನು ಸೇರಿಸುವಾಗ ಕಾಗದ ಬರೆಯುವವನು ಕೇಳಿದ, ನೀವು ಇವರಿಗೆ ಏನಾಗಬೇಕು? ನಾನು ಅಂದೆ, ಪಕ್ಕದ ಮನೆ. ಅವಳು ಅಲ್ಲೇ ಸತ್ತ ಮೇಲೆ ಅವಳ ಅಣ್ಣ ಕಾಗದಪತ್ರ ಕೇಳಿಕೊಂಡು ಚಾಳಿಗೆ ಬಂದ. ವಸಂತಕುಮಾರ ಅಂತ ಹೆಸರು. ಕಲ್ಯಾಣದಲ್ಲೇ ಇದ್ದರೂ ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಬಾಗಿಲಿಗೆ ಬಂದವನಲ್ಲ. ಅವನೂ ಕೇಳಿದ, ನೀವು ಯಾರು? ನಾನು ಅಂದೆ, ರೂಮ್ ಪಾರ್ಟ್ನರ್. ಅವನು ಆಸ್ಪತ್ರೆಯಿಂದ ಹೆಣ ತೆಗೆದುಕೊಂಡು ತನ್ನ ಮನೆಗೆ ಹೋದ. ನಾನು ಆ ಕಟ್ಟಡದ ಕೆಳಗೆ, ಸ್ಕೂಟರುಗಳ ಮಧ್ಯೆ ನಿಂತೆ. ಹೆಣ ಇಳಿಸುವಾಗ ಕಾಲು ಮಾತ್ರ ಕಂಡಿತು. ಹಿಮ್ಮಡಿಯ ಬಿರುಕಿನಲ್ಲಿ ಇನ್ನೂ ನೀಲಿ ಇತ್ತು.

ಮೂರನೇ ದಿನ ನಾನು ಕೆಲಸಕ್ಕೆ ಹೋದೆ. ಭಟ್ರು ಕೇಳಿದರು, “ಎರಡು ದಿನ ಎಂತ ಆಗಿತ್ತು?” ಜ್ವರ ಅಂದೆ.

ಹೀಗಿರುವಾಗ ಬಂದದ್ದು ಆ ಶನಿವಾರ.

ಬೆಳಿಗ್ಗೆ ಐದಕ್ಕೆ ಟೆಂಪೊ ಹೊರಟಿತು. ಶೀಳ್‌ಫಾಟಾ, ಮಹಾಪೆ, ನೆರೂಳ ದಾಟಿ ಉರಣದ ಆಚೆ. ಪಾತ್ರೆಗಳ ನಡುವೆ ಎಂಟು ಜನ. ರೆಸಾರ್ಟಿನ ಗೇಟಿನಲ್ಲಿ ಕಾಮನಬಿಲ್ಲಿನ ಬಣ್ಣದ ಬಾವುಟ. ದೊಡ್ಡ ಬೋರ್ಡು, ಇಂಗ್ಲಿಷಿನಲ್ಲಿ. ಸೆಕ್ಯುರಿಟಿಯವನು ನಮ್ಮನ್ನು ಇಳಿಸಿ ಹಿಂದಿನ ಗೇಟು ತೋರಿಸಿದ. ಅಲ್ಲಿ ನಮ್ಮ ಚೀಲ ಬಿಚ್ಚಿಸಿ ನೋಡಿದ.

ಅಡುಗೆಗೆ ಕೊಟ್ಟ ಜಾಗ ಜನರೇಟರಿನ ಪಕ್ಕ. ಮೇಲೆ ತಗಡು. ಗಾಳಿ ಬಂದರೆ ಮರಳು ಹಾರಿ ಪಾತ್ರೆಗೆ ಬೀಳುತ್ತಿತ್ತು. ಬಟ್ಟೆ ಕಟ್ಟಿದೆವು. ನಾನು ಐವತ್ತು ತೆಂಗಿನಕಾಯಿ ಹೆರೆದೆ. ಹೆರೆಮಣೆಯ ಮೇಲೆ ಕೂತು ಕೂತು ಸೊಂಟ ಕಲ್ಲಾಯಿತು. ರೆಸಾರ್ಟಿನವರು ಉಸ್ತುವಾರಿಗೆ ನಿಲ್ಲಿಸಿದ್ದ ಹುಡುಗಿಯನ್ನು ಹೆಂಗಸರ ಪಾಯಖಾನೆ ಎಲ್ಲಿ ಅಂತ ಕೇಳಿದೆ. ಗೆಸ್ಟ್‌ಗಳಿಗೆ ಮಾತ್ರ ಅಂದಳು. ನಾವು ಮೂವರು ಹೆಂಗಸರು ಗಾಳಿಮರಗಳ ಹಿಂದೆ ಹೋದೆವು. ಒಬ್ಬಳು ಕೂರುವಾಗ ಇಬ್ಬರು ಸೀರೆ ಅಡ್ಡ ಹಿಡಿದೆವು.

ಹತ್ತು ಗಂಟೆಗೆ ಒಬ್ಬ ಹುಡುಗ ಅಡುಗೆ ಜಾಗಕ್ಕೆ ಬಂದ. ಮೂವತ್ತೆರಡು ಮೂವತ್ತಮೂರು ಇರಬೇಕು. ಬಿಳಿ ಕುರ್ತಾ. ಕೈತುಂಬ ಮೆಹಂದಿ.

“ಆಂಟಿ, ಮೆಣಸ್ಕಾಯಿ ಆಯ್ತಾ? ಥೋಡಾ ಟೇಸ್ಟ್ ಕರೂಂ?”

ಅವನೇ ಕೌಶಲ್. ನೆರೂಳದ ಹುಡುಗ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಅರ್ಧ ಹಿಂದಿ. ಅನಾನಸಿನ ಮೆಣಸ್ಕಾಯಿ ಅಂಗೈಗೆ ಹಾಕಿದೆ. ನೆಕ್ಕಿದ. ಹಾಗೇ ನಿಂತ. ಕಣ್ಣು ತುಂಬಿತು.

“ಖಾರ ಆಯಿತಾ ಮಗಾ?”

“ಇಲ್ಲ ಆಂಟಿ. ಅಮ್ಮ ಮಾಡಿದ ಹಾಗೇ ಉಂಟು.” ಮೂಗು ಒರೆಸಿಕೊಂಡ. “ಅಮ್ಮ ನಹೀ ಆಯೀ. ಬರ್ತೇನೆ ಅಂದಿದ್ದರು. ಬೆಳಿಗ್ಗೆಯಿಂದ ಫೋನ್ ಸ್ವಿಚ್ ಆಫ್.”

ಇನ್ನೊಂದು ಸೌಟು ಹಾಕಿದೆ. ಅವನು ಅದನ್ನೂ ನೆಕ್ಕಿ ಹೋದ. ದೂರದಲ್ಲಿ ಅವನ ಜೊತೆಯವನು ಕಾಯುತ್ತಿದ್ದ. ರಿತೇಶ್. ಇವನು ಹೋದ ಕೂಡಲೇ ಅವನು ಕುರ್ತಾದ ತುದಿಯಿಂದಲೇ ಇವನ ಕಣ್ಣು ಒರೆಸಿದ. ಎಲ್ಲರ ಎದುರಿಗೆ. ಹಗಲಿನಲ್ಲಿ. ಯಾರೂ ಏನೂ ಅನ್ನಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು.

ನಾನು ಕೈಯಲ್ಲಿ ಸೌಟು ಹಿಡಿದು ನಿಂತಿದ್ದೆ. ಹೊಟ್ಟೆಕಿಚ್ಚಾಗಲಿಲ್ಲ, ಆಣೆ. ಆದರೆ ಎದೆಯಲ್ಲಿ ಯಾರೋ ಹಿಟ್ಟು ನಾದಿದ ಹಾಗೆ ಆಯಿತು.

ಹನ್ನೊಂದು ಗಂಟೆಗೆ ಭಟ್ರು ಓಡಿ ಬಂದರು. ಅವರ ಜೊತೆ ಒಬ್ಬಳು ಹುಡುಗಿ, ಕುತ್ತಿಗೆಯಲ್ಲಿ ಕ್ಯಾಮರಾ. ಅಶ್ಮಿತಾ ಅಂತ. ಊರಿಂದ ಊರಿಗೆ ತಿರುಗುವವರಿಗೆ ಜಾಗ ತೋರಿಸುವ ಒಂದು ವೆಬ್‌ಸೈಟಿನವಳು. ಇಂಥ ಹುಡುಗರು ಹುಡುಗಿಯರು ಹೆದರದೆ ಹೋಗಬಹುದಾದ ಕಡಲ ತೀರಗಳು ಯಾವುವು ಅಂತ ಪಟ್ಟಿ ಮಾಡುತ್ತಿದ್ದಾರಂತೆ. ಈ ರೆಸಾರ್ಟಿನ ವೀಡಿಯೊ ಅದರಲ್ಲಿ ಬರುತ್ತದಂತೆ. ನೋಡಿದವರು ಇನ್ನೂ ಬರುತ್ತಾರೆ. ಮದುವೆಗಳು ಬರುತ್ತವೆ. ಅಡುಗೆಯೂ ಬರುತ್ತದೆ.

“ರತ್ನಾ, ಕೈ ತೊಳೆ. ಒಳ್ಳೆ ಸೀರೆ ಉಂಟಾ? ಇಲ್ಲದಿದ್ದರೆ ಇದೇ ಸಾಕು, ಸೆರಗು ಸರಿ ಮಾಡು,” ಅಂದರು ಭಟ್ರು. “ಹುಡುಗನ ಅಮ್ಮ ಬರಲಿಲ್ಲ. ಆರತಿ ಎತ್ತಲು ಯಾರಾದರೂ ದೊಡ್ಡವರು ಬೇಕು. ನೀನು ಎತ್ತು.”

ನಾನು ಅವರ ಮುಖ ನೋಡಿದೆ. ಗಂಡ ಬಿಟ್ಟವಳು ಅಂತ ಇಷ್ಟು ವರ್ಷ ಯಾವ ಮದುವೆಯಲ್ಲೂ ನನ್ನನ್ನು ಮಂಟಪದ ಹತ್ತಿರ ಬಿಟ್ಟವರಲ್ಲ. ಬಾಳೆಎಲೆ ಹಾಕಲೂ ಕಳಿಸಿದವರಲ್ಲ.

“ನಾನಾ?”

“ನೀನೇ. ಬಿಳಿ ಕೂದಲು ಉಂಟು, ಮುಖದಲ್ಲಿ ಕಳೆ ಉಂಟು. ಆಮೇಲೆ ಈ ಹುಡುಗಿ ಎರಡು ಮಾತು ಕೇಳ್ತಾಳೆ. ನಮ್ಮ ಅಡುಗೆಮನೆಯಲ್ಲಿ ಎಲ್ಲರೂ ಒಂದೇ, ಯಾರಿಗೂ ಭೇದ ಮಾಡುವುದಿಲ್ಲ ಅಂತ ಹೇಳು. ಸಾಕು.”

ಅಶ್ಮಿತಾ ನಕ್ಕಳು. “ಆಂಟಿ, ಕನ್ನಡದಲ್ಲೇ ಹೇಳಿ. ಕ್ಯೂಟ್ ಲಗೇಗಾ. ಕೆಳಗೆ ಇಂಗ್ಲಿಷ್ ಹಾಕ್ತೇವೆ.”

ನಾನು ಕೈ ತೊಳೆದೆ. ಹೋದೆ.

ಮರಳಿನ ಮೇಲೆ ನಾಲ್ಕು ಬಿದಿರು ನಿಲ್ಲಿಸಿ ಚೆಂಡುಹೂ ಕಟ್ಟಿದ್ದರು. ಪುರೋಹಿತರ ಮಂತ್ರ ಇರಲಿಲ್ಲ. ಸರಕಾರದ ಕಾಗದವೂ ಇಲ್ಲವಂತೆ. ಹುಡುಗರಿಬ್ಬರೂ ತಾವೇ ಬರೆದುಕೊಂಡು ಬಂದ ಮಾತು ಓದಿದರು. ಆಮೇಲೆ ನನ್ನನ್ನು ಕರೆದರು. ನಾನು ಆರತಿ ಎತ್ತಿದೆ. ಈ ಮಾತು ಸರಿಯಾಗಿ ಹೇಳಬೇಕು. ಅದನ್ನು ನಾನು ಮನಸ್ಸಿಟ್ಟು ಎತ್ತಿದೆ. ಹುಡುಗರ ಹಣೆಗೆ ಕುಂಕುಮ ಹಚ್ಚಿದೆ. ಇಬ್ಬರೂ ಬಗ್ಗಿ ಕಾಲು ಮುಟ್ಟಿದರು. ನನ್ನ ಕಾಲು ಆ ತನಕ ಯಾರೂ ಮುಟ್ಟಿರಲಿಲ್ಲ. ನೂರು ವರ್ಷ ಬಾಳಿ, ಒಟ್ಟಿಗೇ ಬಾಳಿ ಅಂದೆ.

ಭಟ್ರು ನನ್ನ ಪಕ್ಕ ಬಂದು ನಿಂತರು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿ ನನ್ನ ಹೆಗಲ ಮೇಲೆ ಕೈ ಇಟ್ಟರು. ಕ್ಯಾಮರಾದ ಕೆಂಪು ದೀಪ ಹತ್ತಿತು.

“ಹೇಳಿ ಆಂಟಿ,” ಅಂದಳು ಅಶ್ಮಿತಾ.

“ಹೇಳು ರತ್ನಾ,” ಅಂದರು ಭಟ್ರು. “ನಮ್ಮ ಅಡುಗೆಮನೆಯಲ್ಲಿ...”

ನಾನು ಬಾಯಿ ತೆರೆದೆ. ಹೆಗಲ ಮೇಲಿನ ಕೈ ತೆಗೆದು ಕೆಳಗೆ ಬಿಟ್ಟೆ.

“ಅದು ಸುಳ್ಳು. ಅದನ್ನು ನಾನು ಹೇಳುವುದಿಲ್ಲ,” ಅಂದೆ.

ಭಟ್ರು ನಕ್ಕರು. ಮಾತು ಹೊರಳಿಸಲು ನಕ್ಕದ್ದು. ನಾನು ನಿಲ್ಲಿಸಲಿಲ್ಲ. ನನ್ನ ಧ್ವನಿ ನನಗೇ ಬೇರೆ ಯಾರದ್ದೋ ಹಾಗೆ ಕೇಳಿಸುತ್ತಿತ್ತು.

“ನಾನು ರತ್ನಾವತಿ. ನಾನೂ ಈ ಮಕ್ಕಳ ಹಾಗೇ. ಜಯಲತಾ ಅಂತ ಒಬ್ಬಳಿದ್ದಳು. ಇಪ್ಪತ್ತೆರಡು ವರ್ಷ ನಾವು ಒಂದೇ ಚಾಪೆಯಲ್ಲಿ ಮಲಗಿದೆವು. ಇದೇ ಭಟ್ರ ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದಳು. ಅವಳು ನನಗೆ ಮುತ್ತು ಕೊಟ್ಟದ್ದನ್ನು ಇವರು ನೋಡಿದರು. ಅವಳು ಕಲಸಿದ ಹಿಟ್ಟನ್ನು ಗಟಾರಕ್ಕೆ ಹಾಕಿಸಿದರು. ಅವಳನ್ನು ಹಿಂದಿನ ಬಾಗಿಲಿನಿಂದ ಹೊರಗೆ ಹಾಕಿದರು. ಅವಳು ಬಣ್ಣದ ಪುಡಿ ತುಂಬಿ ತುಂಬಿ, ನೆತ್ತರು ಕಾರಿ ಸತ್ತಳು. ಅವಳಿಗೆ ಬಾವುಟ ಇರಲಿಲ್ಲ. ನನಗೆ ಇಲ್ಲಿ ಪಾಯಖಾನೆಯೂ ಇಲ್ಲ. ಯಾರಿಗೆ ಸ್ವಾಗತ ಇದು?”

ಕನ್ನಡ ಗೊತ್ತಿದ್ದವರು ನಾಲ್ಕೋ ಐದೋ ಜನ. ಉಳಿದವರು ಇನ್ನೂ ನಗುಮುಖದಲ್ಲೇ ನಿಂತಿದ್ದರು. ಏನೋ ಆಶೀರ್ವಾದ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. ಕೌಶಲ್ ಮಾತ್ರ ಬಿಳಿಚಿಕೊಂಡಿದ್ದ. ರಿತೇಶ್ ಅವನನ್ನು ಕೇಳುತ್ತಿದ್ದ, ಕ್ಯಾ ಬೋಲ್ ರಹೀ ಹೈ, ಕ್ಯಾ ಹುವಾ?

ಅಶ್ಮಿತಾ ಕ್ಯಾಮರಾ ಇಳಿಸಿದಳು. ಕೆಂಪು ದೀಪ ಆರಿತು.

“ಒಂದು ಮಾತು ಬಾಕಿ ಉಂಟು,” ಅಂದೆ ನಾನು. “ಆ ದಿನ ಇವರು ಹೌದಾ ಅಂತ ಕೇಳಿದಾಗ ನಾನು ಹೂಂ ಅಂದೆ. ಅವಳೊಬ್ಬಳದ್ದೇ ತಪ್ಪು ಅಂತ ಒಪ್ಪಿದೆ. ಅದನ್ನೂ ಹಾಕಿ.”

ದೀಪ ಹತ್ತಲಿಲ್ಲ.

ಅಡುಗೆ ಜಾಗಕ್ಕೆ ಬಂದೆ. ಭಟ್ರು ಹಿಂದೆಯೇ ಬಂದರು. ಈಗ ಅವರ ಮುಖದಲ್ಲಿ ನಗು ಇರಲಿಲ್ಲ.

“ನಾಯಿ! ಅದಾದ ಮೇಲೂ ಎಂಟು ವರ್ಷ ಅನ್ನ ಹಾಕಿದೆ ನಿನಗೆ. ಆವತ್ತೇ ಅವಳ ಜೊತೆ ಒದ್ದು ಓಡಿಸಬೇಕಿತ್ತು.”

“ಓಡಿಸಬೇಕಿತ್ತು,” ಅಂದೆ. “ಆದರೆ ಅನ್ನ ನೀವು ಹಾಕಿದ್ದಲ್ಲ ಭಟ್ರೇ. ನಾನು ಬೇಯಿಸಿದ್ದು. ನೀವು ಒಂದು ದಿನವೂ ಒಲೆ ಹಚ್ಚಿದವರಲ್ಲ.”

ಅವರು ಕೈ ಎತ್ತಿದರು. ಹೊಡೆಯಲಿಲ್ಲ. ಗೆಸ್ಟ್‌ಗಳು ಹತ್ತಿರದಲ್ಲಿದ್ದರು. ಬಾಣಲೆಯ ಮುಂದೆ ಚೆನ್ನಯ ಇದ್ದ. ನನ್ನ ಜೊತೆ ಹದಿನಾರು ವರ್ಷ ಕೆಲಸ ಮಾಡಿದವನು. ಆ ದಿನ ಹಿಟ್ಟಿನ ಪರಾತ ಎತ್ತಿಕೊಂಡು ಹೋದ ಇಬ್ಬರಲ್ಲಿ ಒಬ್ಬ. ಅವನು ತೂತಿನ ಸೌಟು ಕೆಳಗಿಟ್ಟ. ಭಟ್ರ ಮುಖ ನೋಡಿದ. ಮತ್ತೆ ಎತ್ತಿಕೊಂಡ. ಅವನಿಗೆ ಮೂರು ಮಕ್ಕಳು.

ನಾನು ಚೀಲ ತೆಗೆದುಕೊಂಡೆ. ಹಿಂದಿನ ಗೇಟಿನ ಕಡೆ ಹೋಗಲಿಲ್ಲ. ಮರಳು ದಾಟಿ, ಹೂವಿನ ದಾರಿಯ ಮೇಲೆ, ಬಾವುಟ ಇದ್ದ ದೊಡ್ಡ ಗೇಟಿನಿಂದಲೇ ಹೊರಗೆ ಬಂದೆ. ಸೆಕ್ಯುರಿಟಿಯವನು “ಏ ಬಾಯಿ, ಪೀಛೇಸೇ” ಅಂದ, ಹಿಂದಿನಿಂದ ಹೋಗು ಅಂತ. ನಾನು ನಿಲ್ಲಲಿಲ್ಲ.

ಕೌಶಲ್ ಓಡುತ್ತಾ ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಆಂಟಿ, ನನಗೆ ಗೊತ್ತಿರಲಿಲ್ಲ. ಸಚ್ಚೀ. ಗೊತ್ತಿದ್ದರೆ ಇವರನ್ನು ಕರೀತಿರಲಿಲ್ಲ.”

“ನಿನ್ನದು ತಪ್ಪಿಲ್ಲ ಮಗಾ. ಇವತ್ತು ನಿನ್ನ ದಿನ. ನಾನು ಹಾಳು ಮಾಡಿದೆ.”

“ಇಲ್ಲ,” ಅಂದ. ನನ್ನ ನಂಬರು ಬರೆದುಕೊಂಡ. ಕಾರಿನಲ್ಲಿ ಬಿಡಿಸುತ್ತೇನೆ ಅಂದ. ಬೇಡ ಅಂದೆ. ಹೋಗು, ಊಟ ಮಾಡು, ಮೆಣಸ್ಕಾಯಿ ನಾನೇ ಮಾಡಿದ್ದು ಅಂದೆ.

ಶೇರ್ ರಿಕ್ಷಾ ಹಿಡಿದು ಉರಣ ಸ್ಟೇಷನ್ನಿಗೆ ಬಂದೆ. ನೆರೂಳಕ್ಕೆ ಬಂದು ಠಾಣೆಯ ಟ್ರೇನು, ಅಲ್ಲಿಂದ ಡೊಂಬಿವಲಿ. ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ನಿಂತಿದ್ದೆ. ಸಂತೋಷ ಆಗಬೇಕಿತ್ತು. ಆಗಲಿಲ್ಲ. ಎಂಟು ವರ್ಷದ ಹಿಂದೆ ಹೇಳಬೇಕಾದ ಮಾತು. ಕೇಳಬೇಕಾದವಳು ಇರಲಿಲ್ಲ. ಇದ್ದಾಗ ನನ್ನ ಬಾಯಲ್ಲಿ ಮಾತಿರಲಿಲ್ಲ.

ಆಮೇಲೆ ಭಟ್ರಿಂದ ಫೋನು ಬರಲಿಲ್ಲ. ನಾನೂ ಹೋಗಲಿಲ್ಲ. ಎರಡು ಮನೆಗಳಲ್ಲಿ ಚಪಾತಿ ಮಾಡುವ ಕೆಲಸ ಹಿಡಿದೆ.

ಮೂರು ವಾರ ಕಳೆದಿರಬೇಕು. ನಮ್ಮ ಚಾಳಿನಲ್ಲಿ ಶೆವಂತಾಬಾಯಿ ಅಂತ ಇದ್ದಾಳೆ. ಸಾತಾರದ ಕಡೆಯವಳು. ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮ ಗೋಡೆಗೆ ಅವಳ ಗೋಡೆ ಅಂಟಿಕೊಂಡಿದೆ. ಅವಳ ಮೊಮ್ಮಗಳು ನಿಕಿತಾ ಕಾಲೇಜಿಗೆ ಹೋಗುವವಳು. ಬೆಳಿಗ್ಗೆ ನಳದ ಹತ್ತಿರ ನಾನು ಕೊಡ ಇಟ್ಟು ನಿಂತಿದ್ದಾಗ ಮೊಬೈಲು ಹಿಡಿದುಕೊಂಡು ಬಂದಳು.

“ಮಾವ್ಶೀ, ಹೇ ತುಮ್ಹೀಚ್ ನಾ?” ಇದು ನೀವೇ ಅಲ್ಲವಾ ಅಂತ ಕೇಳಿದಳು.

ನಾನೇ. ಕಡಲು ಕಂಡಿತು, ಚೆಂಡುಹೂ ಕಂಡಿತು. ನಾನು ಆರತಿ ಎತ್ತುತ್ತಿದ್ದೆ. ಮಕ್ಕಳು ಕಾಲು ಮುಟ್ಟಿದರು. ಆಮೇಲೆ ನನ್ನ ಮುಖ ದೊಡ್ಡದಾಗಿ ಬಂತು. ನನ್ನ ಬಾಯಿ ಆಡುತ್ತಿತ್ತು. ಆದರೆ ನನ್ನ ಧ್ವನಿ ಇರಲಿಲ್ಲ. ಶಹನಾಯಿ ಇತ್ತು. ಕೆಳಗೆ ಇಂಗ್ಲಿಷ್ ಅಕ್ಷರ.

“ಏನು ಬರೆದಿದ್ದಾರೆ, ಓದು.”

ನಿಕಿತಾ ಓದಿ ಹಿಂದಿಯಲ್ಲಿ ಹೇಳಿದಳು. ಹೆದರದೆ ಹೋಗಬಹುದಾದ ಹತ್ತು ಕಡಲ ತೀರಗಳು. ಅದರಲ್ಲಿ ಇದು ನಾಲ್ಕನೆಯದು. ನನ್ನ ಮುಖದ ಕೆಳಗೆ ಬರೆದದ್ದು ಇಷ್ಟು: ನಮ್ಮ ಅಡುಗೆಮನೆಯಲ್ಲಿ ಎಲ್ಲರೂ ಒಂದೇ.

ಕೌಶಲ್‌ಗೆ ಫೋನು ಮಾಡಿಸಿದೆ. ಅವನು ಆಗಲೇ ನೋಡಿದ್ದ. ತೆಗೆಯಿರಿ ಅಂತ ಮೂರು ಸಲ ಕೇಳಿದ್ದನಂತೆ. ವೀಡಿಯೊ ರೆಸಾರ್ಟಿನವರದ್ದು, ನಿಮ್ಮದಲ್ಲ ಅಂದರಂತೆ. “ನಾನು ಬಿಡುವುದಿಲ್ಲ ಆಂಟಿ,” ಅಂದ. ಫೋನಿನಲ್ಲೇ ಅತ್ತ. ನನಗೆ ಅಳು ಬರಲಿಲ್ಲ. ನನ್ನ ಬಾಯನ್ನೇ ಕಿತ್ತುಕೊಂಡು ಅದರಲ್ಲಿ ಭಟ್ರ ಮಾತು ತುಂಬಿದ್ದರು.

ನಳದ ಹತ್ತಿರ ಆಗ ಏಳೆಂಟು ಹೆಂಗಸರಿದ್ದರು. ಎಲ್ಲರೂ ಮೊಬೈಲಿಗೆ ಬಗ್ಗಿದ್ದರು. ಏನು ಮದುವೆ, ಯಾರ ಮದುವೆ, ನೀನು ಯಾಕೆ ಅಲ್ಲಿ ಅಂತ ಕೇಳಿದರು.

ನಾನು ಕೊಡ ಪಕ್ಕಕ್ಕೆ ಸರಿಸಿದೆ.

“ಅದರಲ್ಲಿ ಬರೆದದ್ದು ನಾನು ಹೇಳಿದ್ದಲ್ಲ. ನಾನು ಹೇಳಿದ್ದನ್ನು ಕತ್ತರಿಸಿದ್ದಾರೆ. ನಾನು ಏನು ಹೇಳಿದೆ ಅಂತ ಈಗ ಹೇಳ್ತೇನೆ. ಕೇಳಿ.”

ಮರಾಠಿಯಲ್ಲಿ ಹೇಳಿದೆ. ನನ್ನ ಮರಾಠಿ ಅಡುಗೆಮನೆಯ ಮರಾಠಿ. ತಡವರಿಸಿದೆ. ಆದರೂ ಎಲ್ಲ ಹೇಳಿದೆ. ಮುತ್ತು, ಹಿಟ್ಟು, ಗಟಾರ, ಹೂಂ. ಜಯಲತಾ ನನ್ನ ಪಕ್ಕದ ಮನೆಯವಳಲ್ಲ. ರೂಮ್ ಪಾರ್ಟ್ನರ್ ಅಲ್ಲ. ಅವಳು ನನ್ನ ಮನೆಯವಳು.

ಒಬ್ಬಳು ಕೊಡ ಎತ್ತಿಕೊಂಡು ಹೋದಳು, ಅರ್ಧ ಕೂಡ ತುಂಬಿರಲಿಲ್ಲ. ಇನ್ನೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಏನೋ ನಾನು ನೋಡಲಿಲ್ಲ. ಶೆವಂತಾಬಾಯಿ ಹತ್ತಿರ ಬಂದಳು.

“ಆಮ್ಹಾಲಾ ಮಾಹೀತ್ ಹೋತಂ,” ಅಂದಳು. ನಮಗೆ ಗೊತ್ತಿತ್ತು. “ನಡುವೆ ಒಂದೇ ಗೋಡೆ. ಇಷ್ಟು ವರ್ಷ ನಮಗೆ ಗೊತ್ತಾಗುವುದಿಲ್ಲವಾ ರತ್ನಾ? ಎಲ್ಲರಿಗೂ ಗೊತ್ತಿತ್ತು.”

ಅವಳು ಸಮಾಧಾನಕ್ಕೆ ಹೇಳಿದ್ದು. ನನಗೆ ಬೆಂಕಿ ಬಿದ್ದ ಹಾಗಾಯಿತು.

“ಗೊತ್ತಿತ್ತು ಅಂದರೆ, ಅವಳ ಅಣ್ಣ ನೀವು ಯಾರು ಅಂತ ನನ್ನನ್ನು ಕೇಳಿದಾಗ ನೀವೆಲ್ಲ ಇಲ್ಲೇ ಬಾಗಿಲಲ್ಲಿ ನಿಂತಿದ್ದಿರಲ್ಲ. ನನಗೆ ಬಾಯಿ ಬರಲಿಲ್ಲ. ನಿಮ್ಮಲ್ಲಿ ಒಬ್ಬರಿಗಾದರೂ ಬಾಯಿ ಇರಲಿಲ್ಲವಾ? ಇವಳು ಅವಳ ಮನೆಯವಳು ಅಂತ ಒಂದು ಮಾತು ಯಾಕೆ ಹೇಳಲಿಲ್ಲ? ಹೇಳಿದ್ದರೆ ಅವಳ ಮುಖ ಒಮ್ಮೆ ನೋಡುತ್ತಿದ್ದೆ.”

ಶೆವಂತಾಬಾಯಿ ನೆಲ ನೋಡಿದಳು. ನಾನು ಕೊಡ ಎತ್ತಿಕೊಂಡು ಒಳಗೆ ಬಂದು ಬಾಗಿಲು ಹಾಕಿದೆ. ಕೆಲಸಕ್ಕೆ ಹೋಗಲಿಲ್ಲ. ಅಡುಗೆ ಮಾಡಲಿಲ್ಲ. ಗೋಡೆಗೆ ಒರಗಿ ಕೂತೆ.

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಶೆವಂತಾಬಾಯಿ. ಕೈಯಲ್ಲಿ ತಟ್ಟೆ, ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ಒಳಗೆ ಬಂದು ಕೂತಳು. ಮುಚ್ಚಿದ ತಟ್ಟೆ ತೆಗೆದಳು. ಜೋಳದ ಭಾಕ್ರಿ, ಕಡಲೆಹಿಟ್ಟಿನ ಪಿಠ್ಲಾ. ಜೊತೆಗೆ ಬೇರೇನೂ ಇಲ್ಲ. ಉಪ್ಪಿನಕಾಯಿಯೂ ಇಲ್ಲ.

ನನಗೆ ಅರ್ಥವಾಯಿತು. ಈ ಊರಿನ ಪದ್ಧತಿ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಭಾಕ್ರಿ, ಪಿಠ್ಲಾ ಮಾಡಿ ತಂದು ಕೂತು ಉಣ್ಣಿಸುತ್ತಾರೆ. ಕಡೂ ಘಾಸ್ ಅನ್ನುತ್ತಾರೆ ಅದಕ್ಕೆ. ಕಹಿ ತುತ್ತು. ಸತ್ತವರ ಹತ್ತಿರದವರಿಗೆ ಮಾತ್ರ ಕೊಡುವುದು. ಆ ದಿನ ಚಾಳಿನವರು ಅದನ್ನು ಕಲ್ಯಾಣಕ್ಕೆ, ವಸಂತಕುಮಾರನ ಮನೆಗೆ ಕಳಿಸಿದ್ದರು.

ಶೆವಂತಾಬಾಯಿ ಭಾಕ್ರಿ ಮುರಿದಳು. ಪಿಠ್ಲಾದಲ್ಲಿ ಅದ್ದಿ ನನ್ನ ಬಾಯಿಯ ಹತ್ತಿರ ಹಿಡಿದಳು.

“ಖಾ,” ಅಂದಳು. “ಉಶೀರ್ ಝಾಲಾ.”

ತಡವಾಯಿತು, ತಿನ್ನು.

ಅಗಿದೆ. ಅವಳು ನೀರು ಕೊಟ್ಟಳು. ನುಂಗಿದೆ. ಆಗ ಅತ್ತೆ. ಹದಿನಾಲ್ಕು ತಿಂಗಳು ದಾಟಿದ ಮೇಲೆ, ಬಾಗಿಲು ತೆರೆದಿಟ್ಟುಕೊಂಡು, ಕೂಗಿ ಅತ್ತೆ. ಶೆವಂತಾಬಾಯಿ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಇನ್ನೊಂದು ತುತ್ತು ಮಾಡುತ್ತಿದ್ದಳು.